ಬೌದ್ಧ ಶಂಖ: ಟಿಬೆಟನ್ ವಿಹಾರಗಳ ದುಂಗ್‌ಕರ್

ಟಿಬೆಟನ್ ಪರಂಪರೆಯ ಬೌದ್ಧ ವಿಹಾರಗಳಲ್ಲಿ ಪೂಜೆಯ ವೇಳೆ ಊದುವ, ಭಿಕ್ಷುಗಳನ್ನು ಸಭೆಗೆ ಕರೆಯಲು ಬಳಸುವ, ಲೋಹದ ಕಟ್ಟು ಹಾಕಿಸಿ ಅಲಂಕರಿಸಿದ ಶಂಖ. ಟಿಬೆಟನ್ ಭಾಷೆಯಲ್ಲಿ ಇದಕ್ಕೆ ದುಂಗ್‌ಕರ್ ಎಂದು ಹೆಸರು. ಶ್ರೀಲಂಕಾ, ಜಪಾನ್, ಕೊರಿಯಾಗಳ ಬೌದ್ಧರಲ್ಲೂ ಶಂಖ ಊದುವ ರೂಢಿಯಿದೆ. ಆದರೆ ಅದಕ್ಕೆ ಬೆಳ್ಳಿ, ಹವಳ, ಫಿರೋಜಾ ಕಲ್ಲು ತೊಡಿಸಿ ಮೆರೆಸಿದವರು ಹಿಮಾಲಯದ ಜನ. ಕರ್ನಾಟಕದಲ್ಲಿ ಬೈಲಕುಪ್ಪೆ, ಮುಂಡಗೋಡ, ಹುಣಸೂರಿನ ಗುರುಪುರ ಮತ್ತು ಹನೂರಿನ ಕಡೆಯ ಒಡೆಯರಪಾಳ್ಯದ ಟಿಬೆಟನ್ ನೆಲೆಗಳಿಂದಾಗಿ ಈ ವಾದ್ಯ ಈಗ ನಮ್ಮ ನೆಲದ್ದೂ ಹೌದು.

ದಕ್ಷಿಣ ಬೆಂಗಳೂರಿನ ಕಿವಿಗೆ ಶಂಖ ಹೊಸದಲ್ಲ. ಬನಶಂಕರಿ, ಜಯನಗರದ ಹಳೆಯ ಬೀದಿಗಳಲ್ಲಿ ಶ್ರಾವಣ ಶನಿವಾರದ ಬೆಳಿಗ್ಗೆ ದಾಸಯ್ಯ ಬಾಗಿಲಿಗೆ ಬಂದರೆ ಮೊದಲು ಕೇಳುವುದು ಶಂಖ, ಆಮೇಲೆ ಜಾಗಟೆ. ಅವನ ಜತೆಗೆ ಗರುಡಗಂಬವೆಂಬ ದೀಪವೂ ಭವನಾಸಿಯೆಂಬ ಭಿಕ್ಷಾಪಾತ್ರೆಯೂ ಇರುತ್ತವೆ. ಅದೇ ಶಂಖ, ಜಾಗಟೆಗಳು ಹಲವು ಸಮುದಾಯಗಳಲ್ಲಿ ಶವದ ಮೆರವಣಿಗೆಗೂ ಬೇಕು. ಆದ್ದರಿಂದ ಹೊತ್ತಲ್ಲದ ಹೊತ್ತಿನಲ್ಲಿ ಶಂಖ ಕೇಳಿದರೆ ಮನೆಯ ಹಿರಿಯರು ಬೀದಿಯತ್ತ ಒಮ್ಮೆ ಇಣುಕಿ ನೋಡುತ್ತಾರೆ. ಬೌದ್ಧರ ಶಂಖಕ್ಕೆ ಈ ಎರಡನೆಯ ನೆರಳಿಲ್ಲ, ಅದು ಪೂರ್ತಿ ಮಂಗಳದ ವಸ್ತು. ಕೊಡೆ, ಚಿನ್ನದ ಮೀನುಗಳು, ನಿಧಿಕುಂಭ, ಕಮಲ, ಶಂಖ, ಕೊನೆಯಿಲ್ಲದ ಗಂಟು, ವಿಜಯಧ್ವಜ, ಧರ್ಮಚಕ್ರ ಎಂಬ ಅಷ್ಟಮಂಗಲಗಳಲ್ಲಿ ಅದೂ ಒಂದು. ಬುದ್ಧನಿಗೆ ಜ್ಞಾನೋದಯವಾದ ಮೇಲೆ ಬೋಧಿಸೆಂದು ಬೇಡಿಕೊಳ್ಳಲು ಬ್ರಹ್ಮ ಚಕ್ರವನ್ನೂ ಇಂದ್ರ ಬಲಮುರಿ ಶಂಖವನ್ನೂ ತಂದರೆಂಬುದು ಟಿಬೆಟನ್ ಚಿತ್ರಕಾರರು ಮತ್ತೆ ಮತ್ತೆ ಬರೆದಿರುವ ಕಥೆ.

ಚಿಪ್ಪು

ದೇವಸ್ಥಾನದ ಶಂಖ, ದಾಸಯ್ಯನ ಶಂಖ, ಲಾಮಾಗಳ ಶಂಖ ಸಾಮಾನ್ಯವಾಗಿ ಒಂದೇ ಜೀವಿಯ ಚಿಪ್ಪುಗಳು. ಪ್ರಾಣಿಶಾಸ್ತ್ರ ಅದನ್ನು ಟರ್ಬಿನೆಲ್ಲಾ ಪೈರಮ್ ಎಂದು ಕರೆಯುತ್ತದೆ. ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿಯ ಮರಳುತಳದಲ್ಲಿ ಹುಳು ತಿಂದು ಬದುಕುವ ಈ ಬಸವನಹುಳುವಿನ ಚಿಪ್ಪು ನೀರಿನಿಂದ ಮೇಲೆ ಬಂದಾಗ ಬೆಳ್ಳಗಿರುವುದಿಲ್ಲ. ಕಂದು ಬಣ್ಣದ ಸಿಪ್ಪೆಯಂಥ ಪೊರೆ ಅದಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಕೆರೆದು ಉಜ್ಜಿದ ಮೇಲೆಯೇ ನಾವು ಕಾಣುವ ಹಾಲುಬಿಳುಪು ಹೊರಬೀಳುವುದು. ತೂತ್ತುಕುಡಿ, ರಾಮೇಶ್ವರ, ಕೀಳಕ್ಕರೈ ಕಡೆಯ ಮುಳುಗುಗಾರರು ಉಸಿರು ಬಿಗಿಹಿಡಿದು ಇದನ್ನು ತೆಗೆಯುತ್ತಿದ್ದರು. ಮದರಾಸು ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ 1914ರಲ್ಲಿ ಈ ಕಸುಬಿನ ಮೇಲೆ ಬರೆದ ಪುಸ್ತಕ ಇಂದಿಗೂ ಆಧಾರಗ್ರಂಥ. ಸಿಕ್ಕಿದ್ದರಲ್ಲಿ ದೊಡ್ಡ ಪಾಲು ಊದುವುದಕ್ಕಲ್ಲ, ಬಂಗಾಳದ ಮುತ್ತೈದೆಯರ ಬಳೆಗಾಗಿ ಢಾಕಾದ ಕಡೆ ಹೋಗುತ್ತಿತ್ತು.

ಬಲಮುರಿ, ಎಡಮುರಿಯ ಗೊಂದಲವನ್ನು ಇಲ್ಲಿಯೇ ಬಿಡಿಸಿಬಿಡುವುದು ಒಳ್ಳೆಯದು. ವಿಜ್ಞಾನಿಗಳು ಚಿಪ್ಪಿನ ಸುರುಳಿಯ ತುದಿಯನ್ನು ಮೇಲೆ ಮಾಡಿ, ಬಾಯಿ ತಮ್ಮ ಕಡೆಗಿರುವಂತೆ ಹಿಡಿದು ನೋಡುತ್ತಾರೆ. ಹಾಗೆ ಹಿಡಿದಾಗ ಬಹುತೇಕ ಎಲ್ಲ ಶಂಖಗಳ ಬಾಯಿಯೂ ಬಲಕ್ಕಿರುತ್ತದೆ, ಅವರ ಲೆಕ್ಕದಲ್ಲಿ ಇವು ಬಲಸುರುಳಿಯವು. ಪೂಜೆಯ ರೂಢಿಯಲ್ಲಿ ಹಿಡಿಯುವುದು ತಲೆಕೆಳಗು. ನೀರು ಸುರಿಯುವ ಕೊಕ್ಕು ಮೇಲೆ, ಸುರುಳಿಯ ತುದಿ ಕೆಳಗೆ. ಆಗ ಇವೇ ಶಂಖಗಳ ಬಾಯಿ ಎಡಕ್ಕೆ ಬಂದು ಎಡಮುರಿಯೆನಿಸುತ್ತವೆ. ದಕ್ಷಿಣಾವರ್ತ, ವಲಂಪುರಿ, ಬಲಮುರಿ ಎಂದು ಜನ ಹುಡುಕಾಡುವುದು ಹುಟ್ಟಿನಲ್ಲೇ ಸುರುಳಿ ತಿರುವುಮುರುವಾದ ಅತಿ ಅಪರೂಪದ ಚಿಪ್ಪನ್ನು. ವಿಜ್ಞಾನಿಗಳಿಗೆ ಅದು ಎಡಸುರುಳಿ. ಇಬ್ಬರ ಮಾತೂ ಸರಿಯೇ, ಹಿಡಿಯುವ ಕೈ ಬೇರೆ. ಸ್ತೂಪಕ್ಕೂ ಗುಡಿಗೂ ಬಲಕ್ಕೆ ಸುತ್ತುವ ಪ್ರದಕ್ಷಿಣೆಯ ನಂಬಿಕೆಯೇ ಈ ಬಲದ ಮೋಹದ ಹಿಂದೆಯೂ ಇದೆ. ಸೂರ್ಯಚಂದ್ರರ ಚಲನೆಯನ್ನೂ ಬುದ್ಧನ ಕೂದಲಿನ ಗುಂಗುರನ್ನೂ ಟಿಬೆಟನ್ನರು ಇದರ ಜತೆಗೇ ಹೇಳುತ್ತಾರೆ.

ಬೆಳ್ಳಿಯ ರೆಕ್ಕೆ

ದಾಸಯ್ಯನ ಶಂಖಕ್ಕೆ ಹೆಚ್ಚೆಂದರೆ ಒಂದು ಹಿತ್ತಾಳೆಯ ಊದುಬಾಯಿ, ಹಿಡಿಗೆ ಸುತ್ತಿದ ದಾರ. ದುಂಗ್‌ಕರ್‌ನ ಕಥೆಯೇ ಬೇರೆ. ಮೊದಲು ಸುರುಳಿಯ ತುದಿಯನ್ನು ಕತ್ತರಿಸಿ ಅಲ್ಲಿ ಬೆಳ್ಳಿ, ತಾಮ್ರ ಅಥವಾ ಹಿತ್ತಾಳೆಯ ಬಟ್ಟಲಿನಾಕಾರದ ಊದುಬಾಯಿ ಕೂರಿಸುತ್ತಾರೆ. ಅದರ ಬುಡಕ್ಕೆ ಕೊರಳಪಟ್ಟಿ ಬರುತ್ತದೆ. ಆಮೇಲೆ ಚಿಪ್ಪಿನ ಹೊರ ಅಂಚಿಗೆ ಅಗಲವಾದ ಲೋಹದ ತಗಡೊಂದನ್ನು ಬೆಸೆಯುತ್ತಾರೆ. ಶಂಖದ ಉದ್ದಕ್ಕೂ ಇಳಿದು ತುದಿಯಲ್ಲಿ ಬಾಗುವ ಇದೇ ಟಿಬೆಟನ್ ಶಂಖದ ಗುರುತು, ರೆಕ್ಕೆ. ತಗಡಿನ ಮೇಲೆ ಉಬ್ಬುಕೆಲಸದಲ್ಲಿ ಮೋಡದ ನಡುವೆ ಸುಳಿಯುವ ಡ್ರ್ಯಾಗನ್, ಕಮಲದ ಬಳ್ಳಿ, ಮಕರ, ಅಷ್ಟಮಂಗಲ ಮೂಡುತ್ತವೆ. ಅಂಚಿನ ಮನೆಗಳಲ್ಲಿ ಹವಳ, ಫಿರೋಜಾ ಕೂರುತ್ತವೆ. ಸಿರಿವಂತ ವಿಹಾರವಾದರೆ ತಾಮ್ರದ ಮೇಲೆ ಚಿನ್ನದ ನೀರು. ರೆಕ್ಕೆಯ ತುದಿಯ ಬಳೆಗೆ ರೇಷ್ಮೆಯ ಪಟ್ಟಿ, ಕುಚ್ಚು ತೂಗುತ್ತವೆ. ಊದುಬಾಯಿ ನಾದಕ್ಕೆ ನೆರವಾಗುತ್ತದೆ. ರೆಕ್ಕೆಯಿಂದ ಗಾಳಿಯ ಕೊಳವೆ ಉದ್ದವಾಗುವುದೂ ಇಲ್ಲ, ಸ್ವರ ಬದಲಾಗುವುದೂ ಇಲ್ಲ. ಅದು ಇರುವುದು ನೋಡುವವರಿಗಾಗಿ.

ಈ ಕುಸುರಿಯಲ್ಲಿ ಬಹಳಷ್ಟು ನೇಪಾಳದ ನೆವಾರ್ ಅಕ್ಕಸಾಲಿಗರ ಕೈಕೆಲಸ. ಪಾಟನ್‌ನ ಕುಶಲಕರ್ಮಿಗಳು ಟಿಬೆಟ್ಟಿನ ವಿಹಾರಗಳಿಗೆ ಶತಮಾನಗಳ ಕಾಲ ಮೂರ್ತಿ, ದೀಪ, ವಾದ್ಯಗಳನ್ನು ಮಾಡಿಕೊಟ್ಟಿದ್ದಾರೆ. ನೇಪಾಳದಲ್ಲಿ ಚಿಪ್ಪಿನ ಮೈಯನ್ನೇ ಕೊರೆದು ದೇವತೆಗಳನ್ನು ಬಿಡಿಸುವ ಇನ್ನೊಂದು ಬಗೆಯೂ ಉಂಟು. ಅದರ ಬೇರು ಪೂರ್ವ ಭಾರತದಲ್ಲಿದೆ. ಪಾಲರ ಕಾಲದ, 11–12ನೇ ಶತಮಾನದ ಕೆತ್ತನೆಯ ಶಂಖಗಳು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಅವುಗಳ ಮೇಲಿರುವುದು ಬುದ್ಧನಲ್ಲ, ವಿಷ್ಣು. ಬೇಲೂರಿನ ಕೇಶವನ ಕೈಯ ಶಂಖ ನೋಡಿದವರಿಗೆ ಇದರಲ್ಲಿ ಅಚ್ಚರಿಯಿರದು. ನಮ್ಮ ಶಿಲ್ಪಿಗಳೂ ದೇವರ ಶಂಖವನ್ನು ಬರಿಮೈಯಲ್ಲಿ ಬಿಟ್ಟವರಲ್ಲ. ನಮ್ಮಲ್ಲಿ ಆ ಸಿಂಗಾರ ಮೂರ್ತಿಯ ಕೈಯ ಶಂಖಕ್ಕೆ ಸಂದಿತು, ಮನುಷ್ಯರು ಊದುವ ಶಂಖ ಸರಳವಾಗಿಯೇ ಉಳಿಯಿತು.

ಟಿಬೆಟ್ಟಿನಲ್ಲೇಕೆ ಹಾಗಾಗಲಿಲ್ಲ? ಸಮುದ್ರ ದೂರವಿದ್ದದ್ದೇ ಕಾರಣವೆಂದು ಹೇಳಬೇಕಾಗುತ್ತದೆ. ತೂತ್ತುಕುಡಿಯ ದಂಡೆಯಲ್ಲಿ ಶಂಖವೆಂದರೆ ಮೂಟೆಯಲ್ಲಿ ತುಂಬುವ ಸರಕು. ಅದು ಬಂಗಾಳ ಮುಟ್ಟಿ, ಬೆಟ್ಟದ ಕಣಿವೆಗಳನ್ನು ಹತ್ತಿ ಲಾಸಾ ಸೇರುವ ಹೊತ್ತಿಗೆ ರತ್ನದ ಸಾಲಿಗೆ ಏರಿರುತ್ತಿತ್ತು. ಕಡಲನ್ನೇ ಕಾಣದ ಜನರ ಕೈಗೆ ಕಡಲಿನ ವಸ್ತುವೊಂದು ಬಂದಾಗ ಅದಕ್ಕೆ ತಾವು ಬಲ್ಲ ಅತ್ಯುತ್ತಮ ಲೋಹ ತೊಡಿಸಿದರು. ಹವಳವೂ ಅದೇ ದಾರಿಯಲ್ಲಿ ಬಂದದ್ದು, ಅದೂ ಕಡಲಿನದೇ. ಹಾಗಾಗಿ ಹಿಮದ ನಾಡಿನ ಈ ವಾದ್ಯದ ಮೈಮೇಲೆ ಆ ನೆಲದ್ದೆಂದು ಹೇಳಬಹುದಾದದ್ದು ಲೋಹ ಮತ್ತು ಫಿರೋಜಾ ಮಾತ್ರ. ಶಂಖಕ್ಕೆ ಬೆಲೆ ಕಟ್ಟುವವರು ಡ್ರ್ಯಾಗನ್ನಿನ ಚೆಲುವನ್ನು ಹೊಗಳುತ್ತಾರೆ. ಆ ಬೆಳ್ಳಿಯಲ್ಲಿ ಕೂಡಿರುವುದು ದಾರಿಯ ದೂರ.

ಊದುವ ಬಗೆ

ಶಂಖಕ್ಕೆ ತೂತುಗಳಿಲ್ಲ, ಆದ್ದರಿಂದ ರಾಗವಿಲ್ಲ. ತುಟಿಯ ಕಂಪನ ಒಳಗಿನ ಸುರುಳಿಯಲ್ಲಿ ಹಿಗ್ಗುತ್ತಾ ಹೋಗಿ ಒಂದೇ ಸ್ಥಿರ ಸ್ವರವಾಗಿ ಹೊರಬರುತ್ತದೆ. ಚಿಪ್ಪು ದೊಡ್ಡದಾದಷ್ಟೂ ಸ್ವರ ತಗ್ಗು. ವಿಹಾರಗಳಲ್ಲಿ ಸಾಮಾನ್ಯವಾಗಿ ಜೋಡಿ ಶಂಖಗಳನ್ನು ಊದುತ್ತಾರೆ. ಒಬ್ಬ ಭಿಕ್ಷುವಿನ ಉಸಿರು ಮುಗಿಯುವ ಮುನ್ನ ಇನ್ನೊಬ್ಬ ಎತ್ತಿಕೊಳ್ಳುವುದರಿಂದ ನಾದ ಕಡಿಯುವುದಿಲ್ಲ. ಪಳಗಿದವರು ಕೆನ್ನೆಯಲ್ಲಿ ಗಾಳಿ ಹಿಡಿದಿಟ್ಟು ಮೂಗಿನಿಂದ ಉಸಿರೆಳೆದುಕೊಳ್ಳುತ್ತಾ ಒಬ್ಬರೇ ಬಹಳ ಹೊತ್ತು ಊದಬಲ್ಲರು. ನಾಗಸ್ವರದವರು ಬಲ್ಲ ವಿದ್ಯೆಯೇ ಇದು.

ವಾದ್ಯವೃಂದದಲ್ಲಿ ಶಂಖಕ್ಕೆ ತನ್ನದೇ ಜಾಗವಿದೆ. ಆಳೆತ್ತರ ಮೀರಿದ ದುಂಗ್‌ಚೆನ್ ಕಹಳೆ, ಓಲಗದ ನೆಂಟನಂತಿರುವ ಗ್ಯಾಲಿಂಗ್, ತೊಡೆಮೂಳೆಯ ಕಂಗ್ಲಿಂಗ್, ಎರಡು ಬಗೆಯ ತಾಳಗಳು, ಬಾಗಿದ ಕೋಲಿನಿಂದ ಬಾರಿಸುವ ನಗಾರಿ ಇವುಗಳ ನಡುವೆ ಶಂಖ ಬರುವುದು ಶಾಂತಮೂರ್ತಿಗಳ ಪೂಜೆಗೆ. ಉಗ್ರದೇವತೆಗಳಿಗೆ ಕಂಗ್ಲಿಂಗ್ ಇದೆ. ಬೆಳಿಗ್ಗೆ ಭಿಕ್ಷುಗಳನ್ನು ಪ್ರಾರ್ಥನಾ ಮಂದಿರಕ್ಕೆ ಕರೆಯಲು ಮಾಳಿಗೆಯಿಂದ ಊದುವುದೂ, ಹಿರಿಯ ಗುರುಗಳನ್ನು ಎದುರುಗೊಳ್ಳುವ ಮೆರವಣಿಗೆಯಲ್ಲಿ ಊದುವುದೂ ಇದನ್ನೇ. ಟಿಬೆಟ್ಟಿನ ಹಳ್ಳಿಗಳಲ್ಲಿ ಬೆಳೆಯ ಮೇಲೆ ಆಲಿಕಲ್ಲು ಬೀಳದಂತೆ ತಡೆಯಲು ಮೋಡದತ್ತ ಶಂಖ ಊದುವ ಮಂತ್ರವಾದಿಗಳಿದ್ದರು.

ಶಂಖದಿಂದ ಬಂದರೆ ತೀರ್ಥ ಎಂಬ ನಮ್ಮ ಗಾದೆ ಲಾಮಾಗಳಿಗೂ ಅರ್ಥವಾದೀತು. ಊದದ ಸಣ್ಣ ಶಂಖದಲ್ಲಿ ಸುಗಂಧದ ನೀರು ತುಂಬಿ ದೇವತೆಯ ಮುಂದಿಡುವ ಪದ್ಧತಿ ಅವರಲ್ಲೂ ಇದೆ. ನೀರು, ಹೂ, ಧೂಪ, ದೀಪ, ನೈವೇದ್ಯಗಳ ಬಟ್ಟಲುಗಳನ್ನು ಸಾಲಾಗಿಟ್ಟ ಮೇಲೆ ಕೊನೆಗೆ ಅಕ್ಕಿಯ ಮೇಲೆ ಪುಟ್ಟ ಶಂಖವೊಂದನ್ನು ಇಟ್ಟರೆ ಅದು ಶಬ್ದದ ಅರ್ಪಣೆ.

ಗ್ರಂಥಗಳಲ್ಲಿ

ಟಿಬೆಟ್ಟಿಗೆ ಹೋಗುವುದಕ್ಕೂ ಬಹಳ ಮೊದಲೇ ಶಂಖ ಬೌದ್ಧರ ಮಾತಿನಲ್ಲಿತ್ತು. ಪಾಲಿ ಗ್ರಂಥಗಳಲ್ಲಿ ಶಂಖ ಊದುವವನು ಮತ್ತೆ ಮತ್ತೆ ಬರುತ್ತಾನೆ. ಬಲಿಷ್ಠನಾದ ಊದುಗಾರ ನಾಲ್ಕು ದಿಕ್ಕಿಗೂ ಸಲೀಸಾಗಿ ಕೇಳುವಂತೆ ಮಾಡುವ ಹಾಗೆ ಮೈತ್ರಿಯನ್ನು ಎಲ್ಲೆಡೆ ಹರಡಬೇಕೆಂಬ ಉಪಮೆ ದೀಘನಿಕಾಯದ ತೇವಿಜ್ಜ ಸುತ್ತದಲ್ಲಿದೆ. ಅದೇ ನಿಕಾಯದ ಪಾಯಾಸಿ ಸುತ್ತದ ಕಥೆ ಇನ್ನೂ ಸೊಗಸು. ಗಡಿಯ ಹಳ್ಳಿಯೊಂದಕ್ಕೆ ಊದುಗಾರ ಬಂದು ಶಂಖ ಊದಿ ಕೆಳಗಿಡುತ್ತಾನೆ. ಜನ ಆ ದನಿ ಎಲ್ಲಿಂದ ಬಂತೆಂದು ಕೇಳುತ್ತಾರೆ. ಶಂಖದಿಂದ ಎಂದಾಗ ಅದನ್ನು ಮಲಗಿಸಿ, ಮಗುಚಿ, ನಿಲ್ಲಿಸಿ, ಕೋಲಿನಿಂದ ತಟ್ಟಿ, ಮಾತಾಡು ಎಂದು ಪುಸಲಾಯಿಸುತ್ತಾರೆ. ಪರಲೋಕವಿಲ್ಲವೆಂದು ವಾದಿಸಿದ ಅರಸು ಪಾಯಾಸಿಗೆ ಭಿಕ್ಷು ಕುಮಾರ ಕಸ್ಸಪ ಹೇಳಿದ್ದು ಇದನ್ನು: ಊದುವವನು, ಅವನ ಯತ್ನ, ಗಾಳಿ ಮೂರೂ ಕೂಡದೆ ಚಿಪ್ಪು ನುಡಿಯದು.

ಜಾತಕಗಳಲ್ಲಿ 60ನೆಯದು ಸಂಖಧಮನ ಜಾತಕ. ಇದರಲ್ಲಿ ಬೋಧಿಸತ್ವ ಶಂಖ ಊದುವವರ ಮನೆಯ ಮಗ. ಕಾಶಿಯ ಉತ್ಸವದಲ್ಲಿ ಅಪ್ಪ ಮಗ ಸಂಪಾದಿಸಿಕೊಂಡು ಮರಳುವಾಗ ಕಳ್ಳರ ಕಾಡು ಎದುರಾಗುತ್ತದೆ. ಬೇಡ ಎಂದರೂ ಅಪ್ಪ ಊದುತ್ತಲೇ ಇರುತ್ತಾನೆ, ಕಳ್ಳರು ದನಿಯ ಜಾಡು ಹಿಡಿದು ಬಂದು ಇದ್ದದ್ದನ್ನೆಲ್ಲ ದೋಚುತ್ತಾರೆ. ಶಂಖವನ್ನು ಅಷ್ಟು ಕೊಂಡಾಡಿದ ಪರಂಪರೆಯೇ ಅತಿಯಾಗಿ ಊದಿದವನ ಪಾಡನ್ನೂ ಬರೆದಿಟ್ಟಿದೆ.

ಹೆಸರಾಂತ ಶಂಖಗಳು

ಗೆಲುಗ್ ಪಂಥದ ಮೂಲಪುರುಷ ಜೊಂಗ್‌ಖಾಪಾ 1409ರಲ್ಲಿ ಗಾಂದೆನ್ ವಿಹಾರವನ್ನು ಸ್ಥಾಪಿಸಿದಾಗ ಅಲ್ಲಿನ ಬೆಟ್ಟದಲ್ಲಿ ಹೂತಿದ್ದ ಬಿಳಿ ಶಂಖವೊಂದು ಸಿಕ್ಕಿತು ಎನ್ನುತ್ತದೆ ಪರಂಪರೆ. ಬುದ್ಧನ ಕಾಲದ್ದು, ಶಿಷ್ಯ ಮೌದ್ಗಲ್ಯಾಯನ ಅಡಗಿಸಿಟ್ಟದ್ದು ಎಂಬುದು ನಂಬಿಕೆ. ಜೊಂಗ್‌ಖಾಪಾ ಅದನ್ನು ಶಿಷ್ಯ ಜಮ್ಯಾಂಗ್ ಚೋಜೆಗೆ ಕೊಟ್ಟು ವಿಹಾರ ಕಟ್ಟಲು ಹೇಳಿದರು. 1416ರಲ್ಲಿ ಲಾಸಾದ ಪಶ್ಚಿಮಕ್ಕೆ ಡ್ರೆಪುಂಗ್ ಎದ್ದದ್ದು ಹಾಗೆ. ಮುಂದೆ ಜಗತ್ತಿನ ಅತಿ ದೊಡ್ಡ ವಿಹಾರಗಳಲ್ಲಿ ಒಂದಾದ ಡ್ರೆಪುಂಗ್‌ಗೆ ಶಂಖವೇ ಹಕ್ಕುಪತ್ರ.

ಸಾಕ್ಯ ವಿಹಾರದ ಬಿಳಿ ಶಂಖವನ್ನು ಕುಬ್ಲಾಯ್ ಖಾನ್ ತನ್ನ ಗುರು ಫಾಗ್ಪಾಗೆ ಕೊಟ್ಟನೆಂಬ ಪ್ರತೀತಿಯಿದೆ.

ಮೂರನೆಯದಕ್ಕೆ ರಾಜಕಾರಣದ ನಂಟು. ತಾಶಿ ಲ್ಹುನ್ಪೋ ವಿಹಾರದ ಪಾಂಚೆನ್ ಲಾಮಾ ಲೋಬ್ಸಾಂಗ್ ಪಾಲ್ದೆನ್ ಯೇಶೆ 1780ರಲ್ಲಿ ಚೀನಾದ ಚಕ್ರವರ್ತಿ ಚಿಯಾನ್‌ಲಾಂಗ್‌ನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಹೋದರು, ಅದೇ ವರ್ಷ ಬೀಜಿಂಗ್‌ನಲ್ಲಿ ಸಿಡುಬಿನಿಂದ ತೀರಿಕೊಂಡರು. ಈಸ್ಟ್ ಇಂಡಿಯಾ ಕಂಪನಿಯ ದೂತ ಜಾರ್ಜ್ ಬೋಗ್ಲ್ 1774ರಲ್ಲಿ ಭೇಟಿಯಾದದ್ದು ಇವರನ್ನೇ. ಪಾಂಚೆನ್ ಲಾಮಾ ಚಕ್ರವರ್ತಿಗೆ ಅರ್ಪಿಸಿದ್ದ ಬಲಮುರಿ ಶಂಖವನ್ನು 1787ರಲ್ಲಿ ತೈವಾನಿನ ದಂಗೆ ಅಡಗಿಸಲು ಹೊರಟ ಸೇನಾನಿ ಫುಕಾಂಗಾನ್‌ನ ಹಡಗಿನಲ್ಲಿ ಕಳಿಸಲಾಯಿತು, ಅಲೆಗಳು ಶಾಂತವಾಗಿರಲಿ ಎಂದು. ದಂಡಯಾತ್ರೆ ಗೆದ್ದಿತು. ಆಮೇಲೆ ಶಂಖವನ್ನು ಫುಜಿಯಾನ್ ಪ್ರಾಂತ್ಯದಲ್ಲಿ ಇರಿಸಿ ಕಡಲು ದಾಟುವ ಅಧಿಕಾರಿಗಳಿಗೆ ಕೊಡುವ ಏರ್ಪಾಡಾಯಿತು. ಕಡಲಲ್ಲಿ ಹುಟ್ಟಿ ಬೆಟ್ಟದಲ್ಲಿ ಪೂಜೆಗೊಂಡದ್ದು ಕಡಲನ್ನು ಕಾಯಲು ಮರಳಿತು.

ಕರ್ನಾಟಕದಲ್ಲಿ

ಕನ್ನಡನಾಡಿನ ಹಳೆಯ ಬೌದ್ಧಧರ್ಮದಿಂದ ಈ ಶಂಖಕ್ಕೆ ನೇರ ಎಳೆಯಿಲ್ಲ. ಮಸ್ಕಿ, ಬ್ರಹ್ಮಗಿರಿಯ ಅಶೋಕ ಶಾಸನಗಳಿಂದ ಹಿಡಿದು 968ರ ಕದ್ರಿಯ ಲೋಕೇಶ್ವರ, 1095ರ ಡಂಬಳದ ತಾರಾ ದೇಗುಲದ ಶಾಸನದವರೆಗೆ ಇಲ್ಲಿ ಬೌದ್ಧರು ಬಾಳಿದ್ದರು, ಆಮೇಲೆ ಮರೆಯಾದರು. ದಕ್ಷಿಣ ಬೆಂಗಳೂರಿನಲ್ಲಿ ಬೌದ್ಧ ನೆನಪೆಂದು ಎದ್ದು ಕಾಣುವುದು ಜಯನಗರದ ಅಶೋಕ ಸ್ತಂಭ. 1948ರಲ್ಲಿ ರಾಜಾಜಿಯವರು ಬಡಾವಣೆಗೆ ಅಸ್ತಿವಾರ ಹಾಕಿದ ಕಾಲದ ಆ ಕಂಬ ಧರ್ಮದ ಗುರುತಿಗಿಂತ ಹೊಸದಾಗಿ ಸ್ವತಂತ್ರವಾದ ದೇಶದ ಗುರುತೇ ಹೆಚ್ಚು, ಬಸ್ ನಿಲ್ದಾಣದ ಹೆಸರಾಗಿ ಇನ್ನೂ ಹೆಚ್ಚು.

ದುಂಗ್‌ಕರ್ ಬಂದದ್ದು ನಿರಾಶ್ರಿತರ ಜತೆಗೆ. 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದ ಮೇಲೆ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಜಮೀನು ಕೊಟ್ಟಿತು. 1960ರ ಕೊನೆಗೆ ಮೊದಲ ಗುಂಪು ಅಲ್ಲಿ ನೆಲೆಸತೊಡಗಿತು. ಸುತ್ತಲಿನ ಜನ ಇಂದಿಗೂ ಆ ಊರುಗಳನ್ನು ಕ್ಯಾಂಪ್ ಎಂದೇ ಕರೆಯುತ್ತಾರೆ. ಟಿಬೆಟನ್ ಗುರು ಪೆನೋರ್ ರಿಂಪೋಚೆ 1963ರಲ್ಲಿ ನಾಮ್‌ಡ್ರೋಲಿಂಗ್ ವಿಹಾರವನ್ನು ಆರಂಭಿಸಿದರು. ಬೆಂಗಳೂರಿನ ಪ್ರವಾಸಿಗರು ಗೋಲ್ಡನ್ ಟೆಂಪಲ್ ಎನ್ನುವ ಅದರ ದೊಡ್ಡ ಮಂದಿರ 1999ರದ್ದು. ಮೂರು ಮಹಾವಿಹಾರಗಳಾದ ಸೆರಾ, ಡ್ರೆಪುಂಗ್, ಗಾಂದೆನ್‌ಗಳ ಭಿಕ್ಷುಗಳು ಮಾತ್ರ ಹತ್ತು ವರ್ಷ ಬಂಗಾಳದ ಬಕ್ಸಾ ಕೋಟೆಯಲ್ಲಿ ಕಳೆಯಬೇಕಾಯಿತು. ಅದು ಬ್ರಿಟಿಷರು ಬಂದಿಗಳನ್ನಿಡುತ್ತಿದ್ದ ಜಾಗ, ಕ್ಷಯ ಅನೇಕರನ್ನು ಬಲಿ ತೆಗೆದುಕೊಂಡಿತು. 1970ರ ಹೊತ್ತಿಗೆ ಸೆರಾ ಬೈಲಕುಪ್ಪೆಗೆ, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡಕ್ಕೆ ಬಂದವು. ಪಾಂಚೆನ್ ಲಾಮಾಗಳ ತಾಶಿ ಲ್ಹುನ್ಪೋ ಬೈಲಕುಪ್ಪೆಯಲ್ಲಿ 1972ರಲ್ಲಿ ಮರುಹುಟ್ಟು ಪಡೆಯಿತು. ಮಂತ್ರಪಠಣಕ್ಕೆ ಹೆಸರಾದ ಗ್ಯುಮೆ ತಾಂತ್ರಿಕ ವಿಹಾರ ಗುರುಪುರದಲ್ಲಿದೆ.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಶಂಖದ ಕಥೆಗಳಲ್ಲಿ ಬರುವ ವಿಹಾರಗಳಲ್ಲಿ ಮೂರು, ಅಂದರೆ ಗಾಂದೆನ್, ಡ್ರೆಪುಂಗ್, ತಾಶಿ ಲ್ಹುನ್ಪೋ, ಇಂದು ಕರ್ನಾಟಕದ ವಿಳಾಸ ಹೊಂದಿವೆ. ಮನ್ನಾರ್ ಕೊಲ್ಲಿಯಿಂದ ಲಾಸಾಗೆ ಏರಿದ ಶಂಖ ಅರ್ಧಕ್ಕಿಂತ ಹೆಚ್ಚು ದಾರಿ ಹಿಂದಕ್ಕೆ ಬಂದು ಜೋಳದ ಹೊಲಗಳ ನಡುವೆ ಊದಿಸಿಕೊಳ್ಳುತ್ತಿದೆ. ಕಡಲು ಈಗ ಒಂದು ರಾತ್ರಿಯ ಬಸ್ಸಿನ ದೂರ, ಶಂಖ ಮೊದಲಿನಷ್ಟು ದುರ್ಲಭವೂ ಅಲ್ಲ. ಆದರೂ ಬೆಳ್ಳಿಯ ರೆಕ್ಕೆ ಬಿಟ್ಟುಹೋಗಿಲ್ಲ. ಬೇಕಾಗಿ ಹುಟ್ಟಿದ ಅಲಂಕಾರ ಸಂಪ್ರದಾಯವಾದ ಮೇಲೆ ಕಾರಣವನ್ನು ಕೇಳುವುದಿಲ್ಲ.

ಕೇಳಬಯಸುವವರು ಲೋಸರ್, ಅಂದರೆ ಟಿಬೆಟನ್ ಹೊಸ ವರ್ಷದ ಆಸುಪಾಸಿನಲ್ಲಿ ಹೋಗುವುದು ಲೇಸು. ಅದು ಸಾಮಾನ್ಯವಾಗಿ ಫೆಬ್ರುವರಿ ಇಲ್ಲವೇ ಮಾರ್ಚಿನಲ್ಲಿ ಬರುತ್ತದೆ. ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ನಾಮ್‌ಡ್ರೋಲಿಂಗ್‌ನ ಅಂಗಳದಲ್ಲಿ ಮುಖವಾಡದ ಚಾಮ್ ಕುಣಿತ ನಡೆಯುತ್ತದೆ. ಬನಶಂಕರಿ, ಜೆಪಿ ನಗರದವರಿಗೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಕುಶಾಲನಗರ, ಮಡಿಕೇರಿ ಬಸ್ಸು ಸಿಗುತ್ತದೆ. ಬರಿಯ ಮಂದಿರ ನೋಡಿ ಫೋಟೋ ತೆಗೆದು ಮರಳುವವರೇ ಹೆಚ್ಚು, ಪ್ರಾರ್ಥನೆಯ ಹೊತ್ತಿಗೆ ಕಾಯುವವರು ಕಡಿಮೆ.

ಇತರ ನಾಡುಗಳು

ಶ್ರೀಲಂಕಾದಲ್ಲಿ ಇದಕ್ಕೆ ಹಕ್‌ಗೆಡಿಯ ಎಂದು ಹೆಸರು. ಕ್ಯಾಂಡಿಯ ದಂತಮಂದಿರದ ಪೂಜೆಗೆ ಡೋಲಿನ ಜತೆ ಊದುತ್ತಾರೆ. ಜಪಾನಿನ ಹೊರಾಗಾಯ್ ಬೇರೆ ಜೀವಿಯ, ಟ್ರೈಟನ್ ಬಸವನಹುಳುವಿನ ಚಿಪ್ಪು. ಬೆಟ್ಟಗಳಲ್ಲಿ ತಪಸ್ಸು ಮಾಡುವ ಯಮಬುಶಿಗಳು ಅದನ್ನು ಬಲೆಯಲ್ಲಿ ಹಾಕಿ ಹೊತ್ತೊಯ್ಯುತ್ತಾರೆ. ನಾರಾ ಪಟ್ಟಣದ ತೋದಾಯ್‌ಜಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಶುನಿಯೆ ವ್ರತದಲ್ಲೂ ಅದರ ದನಿಯಿದೆ. ಭಾರತದಲ್ಲಿ ಟ್ರೈಟನ್ ಚಿಪ್ಪನ್ನು 2001ರಲ್ಲಿ ವನ್ಯಜೀವಿ ರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಲಾಯಿತು.

ಕೊಳ್ಳುವವರಿಗೆ

ಪೂಜಾಸಾಮಗ್ರಿ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಬಲಮುರಿ ಶಂಖವೆಂದು ಮಾರುವುದರಲ್ಲಿ ಬಹಳಷ್ಟು ಅಮೆರಿಕದ ಕಡಲತೀರದ ಬಿಸಿಕಾನ್ ಎಂಬ ಬೇರೆಯದೇ ಜಾತಿ. ಅದರ ಸುರುಳಿ ಹುಟ್ಟಿನಿಂದಲೇ ತಿರುಗುಮುರುಗು. ಅದರಲ್ಲಿ ಅದೇ ಸಾಮಾನ್ಯ, ಅಪರೂಪದ ಮಾತೇ ಇಲ್ಲ. ಬೆಳ್ಳಗೆ ಮಾಡಿ, ಬೆಳ್ಳಿಯ ಬಣ್ಣದ ತಗಡು ಹಚ್ಚಿ, ಟಿಬೆಟನ್ ಎಂಬ ಚೀಟಿ ಅಂಟಿಸಿದರೆ ಬೆಲೆ ಹಲವು ಪಟ್ಟು ಏರುತ್ತದೆ. ಗುರುತಿಸುವುದು ಕಷ್ಟವಲ್ಲ. ಬಿಸಿಕಾನ್ ಹಗುರ, ಅದರ ಕೊಕ್ಕು ಉದ್ದವಾಗಿ ಸಪೂರಾಗುತ್ತಾ ಹೋಗುತ್ತದೆ. ನಿಜವಾದ ಶಂಖ ಕೈಗೆ ಭಾರ. ಬಾಯಿಯೊಳಗೆ ಬೆರಳಿಟ್ಟು ನಡುಗಂಬವನ್ನು ಸವರಿದರೆ ನಿಜವಾದದ್ದರಲ್ಲಿ ಮೂರು ನಾಲ್ಕು ಏಣುಗಳು ಸಿಗುತ್ತವೆ, ಬಿಸಿಕಾನ್‌ನಲ್ಲಿ ಆ ಜಾಗ ನುಣುಪಾಗಿರುತ್ತದೆ.